ಕತ್ತೆಯ ಪರವಾಗಿ ಎರಡು ಮತ

"ನೀನು ಹೇಳೋದೇ ಸರಿ ಅನ್ಸುತ್ತೆ, ಸೆಲ್ವಿನ್," ಎಂದ ಹೆಡ್ಲಿ.

ಬಿಯರಿನ ಲೋಟವನ್ನು ಬಾಯಿಯ ಹತ್ತಿರ ತಂದಿದ್ದ ಸೆಲ್ವಿನ್ ಕೈಯನ್ನು ಅಲ್ಲೇ ನಿಲ್ಲಿಸಿದ. ಹೆಡ್ಲಿ ಕ್ರಾಬ್‌ಟ್ರೀ ಇನ್ನೊಬ್ಬರ ಮಾತನ್ನು ಸರಿ ಅನ್ನುವುದೆಂದರೇನು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ ಅವನು. ಕೆಲಸದಲ್ಲಿ ಇದ್ದಷ್ಟು ಕಾಲ ರಾಚ್‌ಡೇಲಿನಲ್ಲಿ ಬಸ್ಸು ಓಡಿಸಿದ. ಒಮ್ಮೆ ದಾರಿ ತಪ್ಪಿ ಬಸ್ಸನ್ನು ಯಾರದೋ ಅಂಗಳಕ್ಕೆ ನುಗ್ಗಿಸಿದಾಗಲೂ, ಅಂಗಳ ಅಲ್ಲಿ ಇರಬಾರದಾಗಿತ್ತು ಎಂದು ವಾದಿಸಿದವನು. ಅಂಥವನು ಈಗ ಕಿಟಕಿಯಾಚೆ ನೋಡುತ್ತ, ತಗ್ಗಿದ ದನಿಯಲ್ಲಿ, ಸರಿ ಅನ್ನುತ್ತಿದ್ದ.

ಸೆಲ್ವಿನ್ ಸಹಾಯಕ್ಕೆಂದು ಡಿಲಿಸ್‌ಳ ಕಡೆ ನೋಡಿದ. ಇವಳಾದರೂ ಬೈದಾಳು ಎಂದು ಅವನ ಆಸೆ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತ ಬಡಿಸುತ್ತಲೇ ನಾಲಿಗೆಯನ್ನು ಸಾಣೆ ಹಿಡಿಸಿಕೊಂಡ ಹೆಂಗಸು ಅವಳು. ಹಾದಿಯಲ್ಲಿ ಹೋಗುವ ಅಂಚೆಯವನನ್ನೂ ಚಿನ್ನ ಎಂದು ಕರೆಯುತ್ತಾಳೆ, ಸೆಲ್ವಿನ್ ಒಬ್ಬನನ್ನು ಮಾತ್ರ ಪೆದ್ದ ಎನ್ನುತ್ತಾಳೆ.

"ಹೌದು ಚಿನ್ನ," ಎಂದಳು ಡಿಲಿಸ್. "ಯೋಚ್ನೆ ಮಾಡಿದ್ರೆ ಆ ಕತ್ತೆ ಚೆನ್ನಾಗೇ ಮಾಡ್ತಿತ್ತು."

ಸೆಲ್ವಿನ್ ಲೋಟವನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

ಅದು 'ಶಟಲ್' ಎಂಬ ಪಬ್ಬು, ಗುರುವಾರದ ಮಧ್ಯಾಹ್ನ. ಪ್ರತಿ ಗುರುವಾರ ಈ ಮೂವರೂ ಕಿಟಕಿಯ ಪಕ್ಕದ ಮೇಜಿಗೆ ಬಂದು ಕೂತು ಒಂದೇ ಜಗಳ ಆಡುತ್ತಿದ್ದರು: ಬ್ರಿಟನ್ನಿನ ಟೀವಿಯಲ್ಲಿ ಈವರೆಗೆ ಬಂದ ಹಾಸ್ಯ ಧಾರಾವಾಹಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು, ಎಲ್ಲಕ್ಕಿಂತ ಕೆಟ್ಟದ್ದು ಯಾವುದು. ಶುರುವಾದದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ಮುಗಿಸುವ ಇರಾದೆಯೂ ಯಾರಿಗೂ ಇರಲಿಲ್ಲ.

ಹೆಡ್ಲಿಯ ದೇವರು 'ಉಬ್ಬರವಿಳಿತ'. ಕಡಲಲ್ಲಿ ಮುಳುಗುವವರನ್ನು ಕಾಪಾಡಲು ದೋಣಿ ಇಟ್ಟುಕೊಂಡ ತಂಡ, ತಂಡದಲ್ಲಿ ಒಬ್ಬನಿಗೂ ಈಜು ಬಾರದು. ಜನ ಇನ್ನೂ ಬೇಕು ಬೇಕು ಅನ್ನುತ್ತಿದ್ದಾಗಲೇ ಅದನ್ನು ನಿಲ್ಲಿಸಿಬಿಟ್ಟರು. ಅದೇ ಅದರ ದೊಡ್ಡಸ್ತಿಕೆ ಅನ್ನುವುದು ಹೆಡ್ಲಿಯ ವಾದ. ನಗಿಸುವವನಿಗೆ ಎದ್ದುಹೋಗುವ ಹೊತ್ತು ಗೊತ್ತಿರಬೇಕು, ಇಲ್ಲದಿದ್ದರೆ ಮದುವೆ ಮುಗಿದ ಮೇಲೂ ಉಳಿದ ನೆಂಟನ ಹಾಗಾಗುತ್ತದೆ. ಡಿಲಿಸ್‌ಳದು 'ಎರಡು ಸೂಜಿ'. ಉಲ್ಲನ್ ಅಂಗಡಿ ಇಟ್ಟುಕೊಂಡ ಅಕ್ಕತಂಗಿಯರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ, ಬೈಯುವುದಿದ್ದರೆ ಗಿರಾಕಿಗಳ ಬಾಯಿಂದ ಬೈಯಿಸುತ್ತಾರೆ. ಒಳ್ಳೆಯ ಹಾಸ್ಯದಲ್ಲಿ ಬಾಗಿಲು ತೆರೆದೇ ಇರಬೇಕು, ಆದರೂ ಒಬ್ಬರನ್ನು ಬಿಟ್ಟು ಒಬ್ಬರು ಹೋಗಲಾಗಬಾರದು, ಅನ್ನುವುದು ಅವಳ ಸಿದ್ಧಾಂತ. ಉಳಿದದ್ದೆಲ್ಲ ಬರೀ ಮುಖ ಸೊಟ್ಟ ಮಾಡುವುದು ಎಂದು ಅವಳು ಕೈಬೀಸಿ ತಳ್ಳಿಹಾಕುತ್ತಿದ್ದಳು.

ಸೆಲ್ವಿನ್‌ನದು 'ಕತ್ತೆಗೊಂದು ಕೋಣೆ'. ಬ್ಲ್ಯಾಕ್‌ಪೂಲಿನ ಕಡಲತೀರದ ಮರಳಿನ ಮೇಲೆ ಮಕ್ಕಳನ್ನು ಹೊತ್ತು ಹೊತ್ತು ಮುದಿಯಾದ ಕತ್ತೆಯೊಂದನ್ನು ಒಬ್ಬ ಬ್ರಹ್ಮಚಾರಿ ತನ್ನ ಬಾಡಿಗೆ ಕೋಣೆಗೆ ತಂದು, ಮನೆಯೊಡತಿಗೆ ಗೊತ್ತಾಗದಂತೆ ಸಾಕುವ ಕಥೆ. ಒಂದೇ ಚಳಿಗಾಲ ಬಂತು, ಆಮೇಲೆ ಅದನ್ನು ಯಾರೂ ಮತ್ತೆ ತೋರಿಸಲಿಲ್ಲ. ಬಾಗಿಲು ಹಾಕಿದರೆ ಸೆಟ್ಟಿನ ಗೋಡೆ ಅಲ್ಲಾಡುತ್ತಿತ್ತು. ಮೊದಲೇ ಮುದ್ರಿಸಿ ಡಬ್ಬಿಯಲ್ಲಿ ತುಂಬಿಟ್ಟ ನಗುವನ್ನು ಸುರಿದಿದ್ದರು, ಅದೂ ತಪ್ಪು ಜಾಗದಲ್ಲಿ. ಸೆಲ್ವಿನ್ ಇದ್ಯಾವುದನ್ನೂ ಅಲ್ಲಗಳೆಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಗೊರಸಿನ ಸದ್ದು ಕೇಳಿದ ಮನೆಯೊಡತಿ, ಹೊಸ ಬೂಟು ಕೊಂಡಿರಾ ಎಂದು ಕೇಳುತ್ತಾಳೆ. ಕೇಳುತ್ತಾಳೆಂದು ನಮಗೆ ಗೊತ್ತು, ಆದರೂ ಪ್ರತಿ ಸಲ ನಗು ಬರುತ್ತದೆ, ಅದಕ್ಕಿಂತ ಇನ್ನೇನು ಬೇಕು ಅನ್ನುತ್ತಿದ್ದ. ಅದನ್ನು ಕೇಳಿದಾಗಲೆಲ್ಲ ಉಳಿದಿಬ್ಬರೂ ಸೇರಿ ಅವನನ್ನು ಹರಿದು ಹಾಕುತ್ತಿದ್ದರು. ನಿನ್ನ ಗೋರಿಕಲ್ಲಿನ ಮೇಲೆ ಕೆತ್ತಿಸುತ್ತೇನೆ, ಇಲ್ಲಿ ಮಲಗಿದವನಿಗೆ ಅಭಿರುಚಿ ಅನ್ನುವುದು ಇರಲಿಲ್ಲ ಅಂತ, ಎಂದು ಹೆಡ್ಲಿ ಒಮ್ಮೆ ಮೇಜು ಕುಟ್ಟಿ ಹೇಳಿದ್ದ. ಅಂದು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಈ ಗುರುವಾರಕ್ಕಾಗಿ ಸೆಲ್ವಿನ್ ಕಾದಿದ್ದ. ಕಳೆದ ತಿಂಗಳು ಅವನ ಎದೆಯ ಎಕ್ಸ್‌-ರೇ ಫೋಟೋದಲ್ಲಿ ಒಂದು ಕಲೆ ಕಂಡಿತ್ತು, ಅದು ಹೆಡ್ಲಿಗೂ ಡಿಲಿಸ್‌ಗೂ ಗೊತ್ತಿತ್ತು. ಆಸ್ಪತ್ರೆಯವರು ಅವನನ್ನು ಯಂತ್ರದೊಳಗೆ ಮಲಗಿಸಿ ಇನ್ನಷ್ಟು ನೋಡಿ, ಸೋಮವಾರ ಫೋನು ಮಾಡುತ್ತೇವೆ ಎಂದಿದ್ದರು. ಸೋಮವಾರ ಫೋನು ಬಂದಾಗ ಸೆಲ್ವಿನ್ ಏನು ಮಾಡಿದ ಗೊತ್ತೇ? ಹಿತ್ತಲಿಗೆ ಹೋಗಿ ಕಸದ ಡಬ್ಬಿಯ ಹಿಂದೆ ನಿಂತ. ಮಾತಾಡಿದವಳು ಹೆಂಡತಿ ಐಲೀನ್. ಹೊರಗೆ ಬಂದು, "ಏನೂ ಇಲ್ವಂತೆ. ಹಿಂದೆ ನ್ಯುಮೋನಿಯಾ ಆದಾಗ ಉಳಿದ ಗುರುತಂತೆ. ಒಳಗೆ ಬಾ, ಶೀತ ಆಗುತ್ತೆ," ಎಂದಳು. ಅವನು ಒಳಗೆ ಬಂದ. ಬೇರೇನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಬದಲಾಗಿಬಿಡುತ್ತದೋ ಎಂದು ಹೆದರಿದ್ದ. ಹೋದ ಜೀವ ಬಂದಂತಾಗಿತ್ತು, ಇನ್ನು ಗುರುವಾರ ಬಂದು ಕೂತು ಹೊಟ್ಟೆತುಂಬ ಬೈಸಿಕೊಂಡರೆ ಎಲ್ಲ ಮೊದಲಿನಂತಾಯಿತು ಎಂದುಕೊಂಡಿದ್ದ.

ಇವರು ನೋಡಿದರೆ ಡಾಕ್ಟರು ಏನಂದರು ಎಂದು ಕೇಳಲೂ ಇಲ್ಲ, ಬೈಯುತ್ತಲೂ ಇಲ್ಲ.

ಲೋಟಗಳು ಖಾಲಿಯಾದವು. ಮುಂದೆ ಎಲ್ಲರಿಗೂ ಕುಡಿಸುವ ಸರದಿ ಸೆಲ್ವಿನ್‌ನದು. ಅವನು ಎದ್ದ. ಹೆಡ್ಲಿ ಅವನ ಭುಜ ಹಿಡಿದು ಮೆಲ್ಲಗೆ ಕೂರಿಸಿ, "ನೀನು ಕೂತ್ಕೋ, ನಾನು ತರ್ತೀನಿ," ಎಂದ. ಈ ಊರಿನಲ್ಲಿ ಒಬ್ಬನ ಅಪ್ಪನನ್ನು ಬೈದರೂ ನಡೆದೀತು, ಅವನು ಕುಡಿಸುವ ಸರದಿಯನ್ನು ಕಿತ್ತುಕೊಳ್ಳುವ ಹಾಗಿಲ್ಲ. ಸರದಿ ತಪ್ಪಿಸಿ ಒಬ್ಬನಿಗೆ ಕುಡಿಸುವುದು ಅವನ ಮದುವೆಗೆ, ಅವನಿಗೆ ಮಗು ಹುಟ್ಟಿದಾಗ, ಇಲ್ಲವೇ ಸಾವಿನ ಮನೆಯಿಂದ ಬಂದಾಗ. ಸೆಲ್ವಿನ್‌ಗೆ ಮದುವೆಯಾಗಿ ಒಂದು ಆಯುಷ್ಯವೇ ಕಳೆದಿತ್ತು. ಮಗು ಹುಟ್ಟುವ ವಯಸ್ಸಂತೂ ಅಲ್ಲ.

ಹೆಡ್ಲಿ ಲೋಟಗಳೊಂದಿಗೆ ಬಂದು ಕೂತಮೇಲೆ ಸೆಲ್ವಿನ್, ಪರೀಕ್ಷೆ ಮಾಡಿಯೇ ನೋಡೋಣ ಎಂದು, "ನಿಜ ಹೇಳ್ಬೇಕಂದ್ರೆ ಹೆಡ್ಲಿ, ಆ ನಿನ್ನ 'ಉಬ್ಬರವಿಳಿತ' ಬರೀ ಕಸ. ನಟರೆಲ್ಲ ಮರದ ಕೊರಡು. ಅವರು ಮುಳುಗಿ ಹೋಗಿದ್ರೇ ಚೆನ್ನಾಗಿತ್ತು," ಎಂದ.

ಇಂಥ ಮಾತಿಗೆ ಹಿಂದೆ ಒಂದು ಸಲ ಹೆಡ್ಲಿ ಎದ್ದು ಹೊರಗೆ ಹೋಗಿ, ಊರ ಚೌಕವನ್ನು ಒಂದು ಸುತ್ತು ಹಾಕಿ ಬಂದಿದ್ದ. ಇವತ್ತು ಅವನ ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯಿತು. "ಇರ್ಬಹುದು," ಎಂದ. "ಅವರವರ ಇಷ್ಟ ಅವರವರಿಗೆ." ಡಿಲಿಸ್ ಬಗ್ಗಿ ಸೆಲ್ವಿನ್‌ನ ಕೋಟಿನ ಗುಂಡಿ ಹಾಕತೊಡಗಿದಳು, ಬಾಗಿಲಿಂದ ಗಾಳಿ ಬರ್ತಿದೆ ಅನ್ನುತ್ತ.

ಸೆಲ್ವಿನ್ ಎದ್ದ. ಮನೆಯಲ್ಲಿ ಕೆಲಸವಿದೆ ಎಂದ. ತುಂಬಿದ ಲೋಟವನ್ನು ಮುಟ್ಟದೇ ಬಿಟ್ಟು ಹೊರಟ.

ಮನೆಯ ದಾರಿ ಏರುದಾರಿ. ಜೀವನವಿಡೀ ಈ ಬೀದಿಗಳ ಮನೆಮನೆಯಲ್ಲಿ ಮಂಡಿಯೂರಿ ಕಾರ್ಪೆಟ್ ಹಾಸಿದವನು ಅವನು; ಯಾವ ಮನೆಯ ನೆಲ ಎಲ್ಲಿ ಸೊಟ್ಟಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಇವತ್ತು ಆ ಬಾಗಿಲುಗಳು ಒಂದೂ ಅವನ ಕಣ್ಣಿಗೆ ಬೀಳಲಿಲ್ಲ. ತಲೆಯಲ್ಲಿ ಒಂದೇ ಯೋಚನೆ. ಅವರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಡಾಕ್ಟರು ಹೇಳಿದ್ದು ಬೇರೆ, ಐಲೀನ್ ಹೇಳಿದ್ದು ಬೇರೆ. ಅವಳು ತಾಳಲಾರದೆ ಹೋಗಿ ಡಿಲಿಸ್‌ಗೆ ಹೇಳಿದ್ದಾಳೆ, ಡಿಲಿಸ್ ಹೆಡ್ಲಿಗೆ ಹೇಳಿದ್ದಾಳೆ, ಉಳಿದವನು ನಾನೊಬ್ಬ.

ಒಂದು ಸಂಶಯ ಹುಟ್ಟಿದರೆ ಅದರ ಬಂಧುಬಳಗವೆಲ್ಲ ಹಿಂದೆಯೇ ಬರುತ್ತದೆ. ಸೋಮವಾರ ರಾತ್ರಿಯ ಊಟಕ್ಕೆ ಐಲೀನ್ ದಪ್ಪನೆಯ ಒಳ್ಳೆ ಸ್ಟೇಕ್ ಹುರಿದು ಹಾಕಿದ್ದಳು. ಸೋಮವಾರ ಎಂದರೆ ಭಾನುವಾರದ ಉಳಿದ ಮಾಂಸ, ತಣ್ಣಗೆ, ಉಪ್ಪಿನಕಾಯಿಯ ಜೊತೆ. ಮದುವೆಯಾದಂದಿನಿಂದ ಅದೇ ರೂಢಿ. ಅವನು ತಿನ್ನುತ್ತಿದ್ದಾಗ ಹಿಂದೆ ಬಂದು ಅವನ ಬೋಳುತಲೆಗೆ ಮುತ್ತು ಬೇರೆ ಕೊಟ್ಟಿದ್ದಳು. ಸಂತೋಷಕ್ಕೆ ಎಂದು ತಿಳಿದು ಇನ್ನೊಂದು ತುಂಡು ಕೇಳಿದ್ದೆನಲ್ಲ ಎಂದು ನೆನೆದು ಅವನಿಗೆ ಅಳು ಬಂತು. ಸಾಯುವುದಕ್ಕೆ ಹೆದರಿಕೆಯಿತ್ತು, ಅದು ಸುಳ್ಳಲ್ಲ. ಅದಕ್ಕಿಂತ ಹೆಚ್ಚಾಗಿ, ಇನ್ನು ಮುಂದೆ ಇರುವಷ್ಟು ದಿನವೂ ಎಲ್ಲರೂ ಹೀಗೇ ಹೂಂ ಹೂಂ ಅನ್ನುತ್ತಾರಲ್ಲ ಎಂದು ಅವನಿಗೆ ತಡೆಯಲಾರದ ಸಂಕಟವಾಯಿತು. ಬದುಕಿರುವಾಗಲೇ ತನ್ನ ತಿಥಿಯೂಟಕ್ಕೆ ಕೂತ ಹಾಗೆ.

ಐಲೀನ್ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಇಷ್ಟು ಬೇಗ ಬಂದೆಯಲ್ಲ ಎಂದಳು, ತಲೆ ಎತ್ತದೆ. ಅವನು ಕೋಟು ತೆಗೆಯಲಿಲ್ಲ.

"ಡಾಕ್ಟರ್ ಏನಂದ್ರು, ಐಲೀನ್?"

"ಹೇಳಿದ್ನಲ್ಲ."

"ನಿಜ ಹೇಳು. ಎಷ್ಟು ದಿನ ಅಂದ್ರು?"

ಅವಳು ಚಾಕು ಕೆಳಗಿಟ್ಟಳು. ಅವನ ಮುಖ ನೋಡಿ ಅವಳಿಗೂ ಗಾಬರಿಯಾಯಿತು. ಕುರ್ಚಿ ಎಳೆದು ಕೂರಿಸಿದಳು, ಏನಾಯಿತು ಎಂದು ಕೇಳಿದಳು. ಅವನು ಹೇಳಿದ. ಹೆಡ್ಲಿ ಒಪ್ಪಿಕೊಂಡಿದ್ದು, ಡಿಲಿಸ್ ಚಿನ್ನ ಅಂದದ್ದು, ಸರದಿ ತಪ್ಪಿಸಿದ್ದು, ಗುಂಡಿ ಹಾಕಿದ್ದು. ಕತ್ತೆಗೆ ಎರಡು ಮತ ಬಿದ್ದಿದೆ, ಇನ್ನೇನು ಉಳಿದಿದೆ, ಎಂದ.

ಐಲೀನ್ ಸಿಟ್ಟಾದಳು. ಕೆಂಡವಾದಳು ಅಂದರೂ ಸರಿಯೇ. "ನಾನು ನಿನಗೆ ಸುಳ್ಳು ಹೇಳ್ತೀನಾ? ಯಾವತ್ತು ಹೇಳಿದೀನಿ? ನಮ್ಮ ಮದುವೆ ದಿನ, ಪಾದ್ರಿ ಎದುರಿಗೇ, ನಿನ್ನ ಟೈ ದರಿದ್ರವಾಗಿದೆ ಅಂದವಳು ನಾನು. ಸುಳ್ಳು ಹೇಳೋಕೆ ಹೋದ್ರೆ ನನ್ನ ಕುತ್ತಿಗೆ ಕೆಂಪಾಗುತ್ತೆ, ನೋಡು, ಆಗಿದೆಯಾ?"

ಸೆಲ್ವಿನ್ ನೋಡಿದ. ಆಗಿರಲಿಲ್ಲ. ಕ್ರಿಸ್‌ಮಸ್ಸಿಗೆ ತಂದ ಕಾಲುಚೀಲವನ್ನು ಬಚ್ಚಿಟ್ಟರೂ ಕಿವಿಯವರೆಗೆ ಕೆಂಪಾಗುವ ಹೆಂಗಸು, ಆಲೂಗಡ್ಡೆಯಷ್ಟೇ ಬೆಳ್ಳಗಿದ್ದಳು. ಡಾಕ್ಟರು ಏನೇನು ಹೇಳಿದರು ಎಂದು ಮೊದಲಿಂದ ಕೊನೆಯವರೆಗೆ ಮತ್ತೆ ಹೇಳಿದಳು: ಹಳೆಯ ಗುರುತು, ಬೆಳೆಯುವುದಲ್ಲ, ಮತ್ತೆ ಬರಬೇಕಾಗಿಲ್ಲ, ಸ್ವಲ್ಪ ನಡೆದಾಡಲಿ, ಬೆಣ್ಣೆ ಕಮ್ಮಿ ತಿನ್ನಲಿ. ಬೇಕಾದರೆ ಈಗಲೇ ಫೋನು ಮಾಡಿ ನಿನ್ನ ಕಿವಿಯಿಂದಲೇ ಕೇಳು, ಈ ಸಲ ಕಸದ ಡಬ್ಬಿ ಹತ್ತಿರ ಓಡಬೇಡ, ಎಂದಳು.

"ಮತ್ತೆ ಸ್ಟೇಕ್ ಯಾಕೆ ಮಾಡ್ದೆ?"

"ನೀನು ಸಾಯಲ್ಲ ಅಂತ!"

ಅಷ್ಟು ಹೇಳಿದವಳು ಇದ್ದಕ್ಕಿದ್ದಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಈಗ ನಿಜವಾಗಿ ಕುತ್ತಿಗೆ ಕೆಂಪಾಯಿತು. ಸೋಮವಾರ ಆ ಸ್ಟೇಕ್ ತರಲು ಮಾಂಸದ ಅಂಗಡಿಗೆ ಹೋಗಿದ್ದಾಗ ಸಾಲಿನಲ್ಲಿ ಡಿಲಿಸ್ ಸಿಕ್ಕಿದ್ದಳಂತೆ. ಸೆಲ್ವಿನ್ ಹೇಗಿದ್ದಾನೆ ಎಂದು ಕೇಳಿದಳಂತೆ. ಐಲೀನ್‌ಗೆ ಒಂದು ತಿಂಗಳು ಹಿಡಿದಿಟ್ಟದ್ದೆಲ್ಲ ಉಕ್ಕಿ ಬಂದು ಮಾತೇ ಹೊರಡಲಿಲ್ಲ. ಡಿಲಿಸ್‌ಳನ್ನು ತಬ್ಬಿಕೊಂಡಳು.

"ತಬ್ಕೊಂಡ್ಯಾ?" ಸೆಲ್ವಿನ್ ನಂಬಲಾರದೆ ಕೇಳಿದ. "ಅಂಗಡೀಲಿ? ಎಲ್ಲರ ಎದುರಿಗೆ?"

"ಅತ್ತೂಬಿಟ್ಟೆ," ಎಂದಳು ಐಲೀನ್ ತಲೆ ತಗ್ಗಿಸಿ. "ಆಮೇಲೆ ಇರೋದ್ರಲ್ಲಿ ಒಳ್ಳೆ ತುಂಡು ಕೊಡಿ, ಅವನಿಗೆ ಅಂದೆ."

ಸೆಲ್ವಿನ್ ಕಣ್ಣು ಮುಚ್ಚಿಕೊಂಡ. ಈ ಊರಿನಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಭುಜ ತಟ್ಟಿ ಕಳಿಸುತ್ತಾರೆ. ತಬ್ಬಿಕೊಂಡರೆ, ಅದೂ ಮಾಂಸದ ಅಂಗಡಿಯ ಸಾಲಿನಲ್ಲಿ, ಅದರ ಅರ್ಥ ಒಂದೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಡಿಲಿಸ್ ಒಂದು ಮಾತೂ ಕೇಳದೆ ಸೆಲ್ವಿನ್‌ನನ್ನು ಮಣ್ಣು ಮಾಡಿ ಮುಗಿಸಿದ್ದಳು.

ಮೊದಲು ನಕ್ಕವನು ಅವನು. ಆಮೇಲೆ ಅವಳು. ನಗುತ್ತ ನಗುತ್ತ ಅವನ ಎದೆಯಲ್ಲಿ ಕೂತಿದ್ದ ಕಲ್ಲು ಇಳಿದುಹೋಯಿತು, ಉಸಿರು ತಳದವರೆಗೂ ಹೋಗಿ ಬಂತು. ಬದುಕಿದೆ ಎಂದು ಗಟ್ಟಿಯಾಗಿ ಹೇಳಿದ. ಐಲೀನ್ ಕಣ್ಣೊರೆಸಿಕೊಂಡು, ಅಪ್ರನ್ನಿನ ಮೇಲೇ ಕೋಟು ಹಾಕಿಕೊಂಡಳು. ಪಾಪ, ಅವರು ಇನ್ನೂ ಅಲ್ಲೇ ಕೂತಿರ್ತಾರೆ, ನಡಿ, ಎಂದಳು.

ಅವರು ಅಲ್ಲೇ ಕೂತಿದ್ದರು. ಸೆಲ್ವಿನ್ ಬಿಟ್ಟುಹೋದ ಲೋಟ ಅವನ ಜಾಗದಲ್ಲಿ ಹಾಗೇ ಇತ್ತು. ಯಾರೂ ಅದನ್ನು ಸರಿಸಿರಲಿಲ್ಲ. ಐಲೀನ್ ಪಬ್ಬಿಗೆ ಬರುವವಳೇ ಅಲ್ಲ. ಅವಳು ಗಂಡನ ಜೊತೆ ಒಳಗೆ ಬಂದದ್ದು ಕಂಡು ಡಿಲಿಸ್ ಎದ್ದೇ ನಿಂತಳು, ಕೆಟ್ಟದ್ದನ್ನು ಕೇಳಲು ತಯಾರಾದವಳ ಹಾಗೆ.

"ಇವನಿಗೆ ಏನೂ ಆಗಿಲ್ಲ," ಎಂದಳು ಐಲೀನ್. "ಸೋಮವಾರಾನೇ ಹೇಳಿದ್ರು. ಹಳೇ ಗುರುತು, ಅಷ್ಟೇ. ಇವನು ನಿಮ್ಮಿಬ್ಬರನ್ನೂ ಕಳಿಸಿಯೇ ಹೋಗೋದು."



"ಹಾಗಾದ್ರೆ ನನ್ನ ಯಾಕೆ ತಬ್ಕೊಂಡೆ?" ಎಂದಳು ಡಿಲಿಸ್.

"ಖುಷಿಗೆ."

"ಖುಷಿಗಾ?" ಡಿಲಿಸ್ ಕುರ್ಚಿಗೆ ಕುಸಿದಳು. "ಖುಷಿಗೆ ಯಾರಾದ್ರೂ ಹಾಗೆ ಮಾಡ್ತಾರೇನೇ? ಸೋಮವಾರದಿಂದ ಕಣ್ಣು ಮುಚ್ಚಿಲ್ಲ ನಾನು. ಯಾವತ್ತೂ ಹೋಗದ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದೀನಿ, ಈ ಪೆದ್ದನಿಗೋಸ್ಕರ. ಪಾದ್ರಿ ನನ್ನ ನೋಡಿ ಹೆದರಿಹೋದ."

ಪೆದ್ದ ಎಂದದ್ದು ಕಿವಿಗೆ ಬಿದ್ದದ್ದೇ ಸೆಲ್ವಿನ್‌ಗೆ ಊಟ ಮಾಡಿದಷ್ಟು ತೃಪ್ತಿಯಾಯಿತು. ತನ್ನ ಜಾಗದಲ್ಲಿ ಕೂತು ತನ್ನ ಲೋಟ ಎತ್ತಿಕೊಂಡ. ಹೆಡ್ಲಿ ಮಾತ್ರ ಇನ್ನೂ ಅವನನ್ನೇ ನೋಡುತ್ತಿದ್ದ. ಅವನ ಮುಖ ಒಂದೊಂದೇ ಗೆರೆ ಸಡಿಲಗೊಂಡು, ಆಮೇಲೆ ಮತ್ತೆ ಬಿಗಿಯಾಗಿ, ಕೊನೆಗೆ ಬೆಂಕಿಯ ಬಣ್ಣಕ್ಕೆ ತಿರುಗಿತು.

"ಮರದ ಕೊರಡು ಅಂದ್ಯಲ್ಲ," ಎಂದ.

"ಅಂದೆ."

"ನಾನು ಅದನ್ನ ನುಂಗ್ಕೊಂಡೆ. ಜೀವನದಲ್ಲಿ ಅಷ್ಟು ಕಹಿ ಯಾವುದನ್ನೂ ನುಂಗಿರ್ಲಿಲ್ಲ ಕಣೋ. ನನ್ನ ಮತ ವಾಪಸ್. ನಿನ್ನ ಆ ಕತ್ತೆ ಕಾರ್ಯಕ್ರಮ ಈ ದೇಶದಲ್ಲಿ ಟೀವಿ ಹುಟ್ಟಿದಾಗಿಂದ ಬಂದ ಅತಿ ದರಿದ್ರ ಕಾರ್ಯಕ್ರಮ. ಅದನ್ನ ಇಷ್ಟಪಡೋನು ನೀನೊಬ್ಬನೇ, ಆ ಕತ್ತೆಗೂ ಇಷ್ಟ ಇರ್ಲಿಲ್ಲ, ಅದರ ಕಣ್ಣಲ್ಲೇ ಕಾಣ್ತಿತ್ತು."

ನನ್ನ ಮತವೂ ವಾಪಸ್ ಎಂದು ಡಿಲಿಸ್ ಸೇರಿಸಿದಳು. ಸೆಲ್ವಿನ್ ಬೂಟಿನ ಮಾತು ತೆಗೆದ. ಅದನ್ನು ಪೂರ್ತಿ ಹೇಳಲು ಇಬ್ಬರೂ ಬಿಡಲಿಲ್ಲ. ಗೋಡೆ ಅಲ್ಲಾಡುತ್ತಿದ್ದದ್ದು, ಡಬ್ಬಿಯ ನಗು, ಪರದೆಯನ್ನು ಕತ್ತೆ ತಿಂದ ವಾರ ಪರದೆಯೇ ಇಲ್ಲದೆ ಮುಂದಿನ ದೃಶ್ಯ ತೆಗೆದದ್ದು, ಒಂದೊಂದಾಗಿ ಮೇಜಿನ ಮೇಲೆ ಬಂದು ಬಿದ್ದವು. ಐಲೀನ್‌ಳ ಅಭಿಪ್ರಾಯ ಕೇಳಿದರು. ಅವಳು ಬಹಳ ಹೊತ್ತು ಯೋಚಿಸಿ, ನಾನು ಅದನ್ನು ಒಂದು ದಿನವೂ ನೋಡಿದ್ದಿಲ್ಲ, ಇವನು ನಗುವುದನ್ನು ನೋಡುತ್ತ ಕೂತಿರುತ್ತಿದ್ದೆ, ಎಂದಳು. ಅದು ಮತವಲ್ಲ ಎಂದು ಡಿಲಿಸ್ ತಳ್ಳಿಹಾಕಿದಳು. ಸೆಲ್ವಿನ್ ಎದ್ದು ತನ್ನ ಸರದಿಯ ಬಿಯರು ತಂದ, ಯಾರೂ ತಡೆಯಲಿಲ್ಲ.

ಹೆಡ್ಲಿ ಒಂದು ವಾಕ್ಯದ ನಡುವೆ ಎದ್ದ. ಈಗ ಬಂದೆ ಎಂದು, ಗಂಡಸರ ಶೌಚಾಲಯದ ಬಾಗಿಲು ತಳ್ಳಿಕೊಂಡು ಹೋದ. ಹೋದವನು ಬೇಗ ಬರಲಿಲ್ಲ. ಡಿಲಿಸ್ ಆ ಬಾಗಿಲನ್ನು ಒಮ್ಮೆ ನೋಡಿ, ಐಲೀನ್‌ಗೆ ಉಲ್ಲನ್ ಅಂಗಡಿಯ ಅಕ್ಕತಂಗಿಯರ ಕಥೆ ಹೇಳತೊಡಗಿದಳು. ಸೆಲ್ವಿನ್ ಕಿವಿ ಇತ್ತ ಇಟ್ಟು, ಕಣ್ಣು ಅತ್ತ ಇಟ್ಟುಕೊಂಡಿದ್ದ.

ಹೆಡ್ಲಿ ಬಂದ. ಮುಖ ತೊಳೆದುಕೊಂಡಿದ್ದ. ಕಣ್ಣಿನ ಸುತ್ತ ಕೆಂಪು, ಅಂಗಿಯ ಕಾಲರು ತೊಯ್ದು ಕುತ್ತಿಗೆಗೆ ಅಂಟಿಕೊಂಡಿತ್ತು. ಯಾರೂ ಏನೂ ಕೇಳಿರಲಿಲ್ಲ.

"ಆ ನಲ್ಲಿ ಸರಿ ಇಲ್ಲ," ಎಂದ. "ನೀರು ಮೈಮೇಲೆಲ್ಲ ಹಾರುತ್ತೆ."

ಆ ನಲ್ಲಿಗೆ ಏನೂ ಆಗಿರಲಿಲ್ಲ. ಮಧ್ಯಾಹ್ನ ಬಂದಾಗ ಸೆಲ್ವಿನ್ ಅದೇ ನಲ್ಲಿಯಲ್ಲಿ ಕೈ ತೊಳೆದಿದ್ದ.

"ಹೌದು," ಎಂದ ಸೆಲ್ವಿನ್. "ನೀನು ಹೇಳೋದು ಸರಿ."

ಹೆಡ್ಲಿ ಕುರ್ಚಿ ಎಳೆದು ಕೂತ. ಅವನ ಗದ್ದದಿಂದ ಒಂದು ಹನಿ ಮೇಜಿನ ಮೇಲೆ ಬಿತ್ತು. ಡಿಲಿಸ್ ಮಾತು ನಿಲ್ಲಿಸದೆ, ಅದನ್ನು ತನ್ನ ತೋಳಿನ ಬಟ್ಟೆಯಿಂದ ಒರೆಸಿದಳು.